ಮದುವೆ ಮೊದಲೋ, ಪ್ರಪಂಚ ಸುತ್ತೋದು ಮೊದಲೋ? ನಮ್ಮ ಕಡೆಯ ಜೋಡಿಗಳಿಗೆ ಒಂದು ಹೋಲಿಕೆ

ಇಬ್ಬರೂ ಸೇರಿ ವರ್ಷವಿಡೀ ಪ್ರಪಂಚ ಸುತ್ತಬೇಕು. ಅದೇ ವರ್ಷ ಮದುವೆಯೂ ಆಗಬೇಕು. ಬೆಂಗಳೂರಲ್ಲಿ ದುಡಿಯುವ ಶಿರಸಿ, ಸಿದ್ದಾಪುರ, ಕುಮಟಾ, ಕಾರವಾರದ ಹುಡುಗ ಹುಡುಗಿಯರ ಬಾಯಲ್ಲಿ ಈ ಮಾತು ಈಗ ಜಾಸ್ತಿ ಕೇಳಿಬರುತ್ತಿದೆ. ಮನೆಯಲ್ಲಿ ಹೇಳಿದ ಕೂಡಲೇ ಮಾತು ಖರ್ಚಿನ ಕಡೆ ಹೊರಳುತ್ತದೆ. ಖರ್ಚು ಮುಖ್ಯವೇ. ಆದರೆ ಅದಕ್ಕಿಂತ ಮೊದಲು ತೀರ್ಮಾನ ಆಗಬೇಕಾದ್ದು ಮದುವೆ ಎಲ್ಲಿ, ಯಾವಾಗ ಅನ್ನೋದು. ಯಾವ ವೀಸಾ ಯಾವಾಗ ಮಾಡಿಸಬೇಕು, ಯಾವ ತಿಂಗಳು ಹೊರಡಬೇಕು, ಪೂರ್ವಕ್ಕೆ ಹೋಗಬೇಕೋ ಪಶ್ಚಿಮಕ್ಕೋ, ಎಂಥ ಟಿಕೆಟ್ ಕೊಳ್ಳಬೇಕು, ಇವೆಲ್ಲ ಅದರ ಬೆನ್ನಿಗೇ ಬರುತ್ತವೆ.

ದಾರಿ ಮೂರಿವೆ. ಊರಲ್ಲಿ ಮದುವೆಯಾಗಿ ಹೊರಡೋದು. ಹೋಗುವ ದಾರಿಯಲ್ಲಿ ಎಲ್ಲಾದರೂ ಆಗೋದು. ತಿರುಗಾಟ ಮುಗಿಸಿ ಬಂದು ಆಗೋದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕಾನೂನಿನ ಮದುವೆ ಊರಲ್ಲೇ, ಹೊರಡುವ ಮೊದಲೇ ಆಗಲಿ. ಸಂಭ್ರಮ ಎಲ್ಲಿ ಬೇಕಾದರೂ ಇಟ್ಟುಕೊಳ್ಳಿ. ಇವೆರಡನ್ನೂ ಒಂದೇ ಗಂಟಿಗೆ ಕಟ್ಟಲು ಹೋದಾಗಲೇ ತೊಂದರೆ ಶುರುವಾಗೋದು.

ಊರಲ್ಲಿ ಆಗಿ ಹೊರಟರೆ

ಇಬ್ಬರೂ ಹಿಂದೂಗಳಾಗಿದ್ದರೆ 1955ರ ಹಿಂದೂ ವಿವಾಹ ಕಾಯ್ದೆಯ ದಾರಿ ಸುಲಭ. ಮುಂಗಡ ನೋಟಿಸಿನ ಗೊಡವೆ ಇಲ್ಲ. ಶಾಸ್ತ್ರದ ಪ್ರಕಾರ ಮದುವೆ ಆದಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ. ಮದುವೆಯ ಆಮಂತ್ರಣ ಪತ್ರಿಕೆ, ಮದುವೆಯ ಫೋಟೋ, ವಯಸ್ಸು ಮತ್ತು ವಿಳಾಸದ ದಾಖಲೆ, ಮೂವರು ಸಾಕ್ಷಿಗಳು. ಕರ್ನಾಟಕದಲ್ಲಿ 2024ರಿಂದ ಸರ್ಕಾರದ ನೋಂದಣಿ ತಾಣ ಕಾವೇರಿ 2.0 ಮೂಲಕ ಆನ್‌ಲೈನ್‌ನಲ್ಲೂ ಅರ್ಜಿ ಹಾಕಬಹುದು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. "ಈಗ ವೀಸಾಕ್ಕೆ ಬರೀ ಸರ್ಟಿಫಿಕೇಟ್ ಮಾಡಿಸೋಣ, ಶಾಸ್ತ್ರ ಆಮೇಲೆ ಮಾಡಿದರಾಯ್ತು" ಅಂತ ಕೆಲವರು ಯೋಚಿಸುತ್ತಾರೆ. ಅದು ನಡೆಯೋದಿಲ್ಲ. 2024ರಲ್ಲಿ ಸುಪ್ರೀಂ ಕೋರ್ಟ್ ಇಂಥದ್ದೇ ಪ್ರಕರಣದಲ್ಲಿ, ವಿಧಿಗಳೇ ನಡೆಯದೆ ಬರೀ ನೋಂದಣಿ ಮಾಡಿಸಿದರೆ ಅದು ಹಿಂದೂ ವಿವಾಹ ಆಗೋದಿಲ್ಲ ಎಂದು ಸ್ಪಷ್ಟವಾಗಿ ಹೇಳಿತು. ಹಾಗಾಗಿ ಚಿಕ್ಕದಾಗಿಯಾದರೂ ಶಾಸ್ತ್ರ ಆಗಲೇಬೇಕು. ಅಂಗಳದಲ್ಲಿ ಚಪ್ಪರ ಹಾಕಿ, ಮನೆಯವರು, ಹತ್ತಿರದ ನೆಂಟರು, ಪುರೋಹಿತರು ಇದ್ದರೆ ಸಾಕು. ಐನೂರು ಎಲೆ ಹಾಕಲೇಬೇಕು ಅಂತ ಕಾನೂನು ಎಲ್ಲೂ ಹೇಳಿಲ್ಲ.

ಬೇರೆ ಬೇರೆ ಧರ್ಮದವರಾದರೆ, ಅಥವಾ ಶಾಸ್ತ್ರವೇ ಬೇಡ ಅನ್ನುವವರಾದರೆ, 1954ರ ವಿಶೇಷ ವಿವಾಹ ಕಾಯ್ದೆ ಇದೆ. ಇದಕ್ಕೆ ಸಮಯ ಬೇಕು. ಇಬ್ಬರಲ್ಲಿ ಒಬ್ಬರಾದರೂ ನೋಟಿಸ್ ಕೊಡುವ ಮೊದಲಿನ 30 ದಿನ ಆ ಜಿಲ್ಲೆಯಲ್ಲೇ ವಾಸ ಇರಬೇಕು. ನೋಟಿಸ್ ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸುತ್ತಾರೆ. ಆಮೇಲೆ ಮತ್ತೆ 30 ದಿನ ಕಾಯಬೇಕು. ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಮೊದಲಿಂದ ಶುರು. ಸಣ್ಣ ಊರಲ್ಲಿ ಕಚೇರಿಯ ಬೋರ್ಡಿನ ಮೇಲೆ ಹೆಸರು ಬಂದರೆ ಸಂಜೆಯೊಳಗೆ ಪೇಟೆಗೆಲ್ಲ ಸುದ್ದಿ. ಮನೆಯವರಿಗೆ ಹೇಳೋದಿದ್ದರೆ ನೋಟಿಸಿಗಿಂತ ಮೊದಲೇ ನಿಮ್ಮ ಬಾಯಿಂದಲೇ ಹೇಳಿ. ಬೇರೆಯವರ ಬಾಯಿಂದ ಕೇಳಿದ ಆಯಿಗೆ (ಅಮ್ಮನಿಗೆ) ಆಗುವ ನೋವು ಬಹಳ ದಿನ ಉಳಿಯುತ್ತದೆ.

ಚರ್ಚಿನಲ್ಲಿ ಮದುವೆಯಾಗುವ ಕರಾವಳಿಯ ಕ್ರೈಸ್ತರಿಗೆ 1872ರ ಕಾಯ್ದೆ ಇದೆ. ನಿಕಾಹ್ ಆದವರಿಗೂ ಸರ್ಕಾರಿ ಸರ್ಟಿಫಿಕೇಟ್ ಬೇಕಿದ್ದರೆ, ಬೇರೆ ರೀತಿಯಲ್ಲಿ ನಡೆದ ಮದುವೆಯನ್ನು ವಿಶೇಷ ವಿವಾಹ ಕಾಯ್ದೆಯಡಿ ನೋಂದಾಯಿಸಲು ಅವಕಾಶವಿದೆ. ಅಲ್ಲೂ 30 ದಿನದ ಕಾಯುವಿಕೆ ಇದ್ದೇ ಇದೆ.

ಇನ್ನು ಹೆಸರಿನ ವಿಷಯ. ಇದನ್ನು ಹತ್ತಿರದಿಂದ ನೋಡಿ. ಆಧಾರ್‌ನಲ್ಲಿ ಹೆಗಡೆ, ಪಾಸ್‌ಪೋರ್ಟ್‌ನಲ್ಲಿ ಹೆಗ್ಡೆ. ಮಾರ್ಕ್ಸ್ ಕಾರ್ಡಿನಲ್ಲಿ ಅಪ್ಪನ ಹೆಸರು ಬರೀ ಇನಿಷಿಯಲ್, ಇನ್ನೊಂದರಲ್ಲಿ ಪೂರ್ತಿ. ಒಂದರಲ್ಲಿ ಭಟ್, ಇನ್ನೊಂದರಲ್ಲಿ ಭಟ್ಟ. ನಮ್ಮ ಜಿಲ್ಲೆಯಲ್ಲಿ ಇದು ಮನೆಮನೆಯ ಕತೆ. ಊರಲ್ಲಿ ಯಾರೂ ಕೇಳೋದಿಲ್ಲ. ಆದರೆ ವೀಸಾ ಅಧಿಕಾರಿಯ ಮುಂದೆ ಇವು ಇಬ್ಬರು ಬೇರೆ ಬೇರೆ ಮನುಷ್ಯರು. ಮದುವೆ ಸರ್ಟಿಫಿಕೇಟ್‌ನಲ್ಲಿ ಹೆಸರು ಪಾಸ್‌ಪೋರ್ಟ್‌ನಲ್ಲಿ ಇದ್ದಂತೆಯೇ, ಅಕ್ಷರಕ್ಕೆ ಅಕ್ಷರ, ಬರಬೇಕು. ಅರ್ಜಿ ಒತ್ತುವ ಮೊದಲು ಕೂತು ಹೋಲಿಸಿ. ಹಾಗೆಯೇ ಮದುವೆಯಾದ ತಕ್ಷಣ ಹೆಂಡತಿಯ ಹೆಸರು ಬದಲಿಸಲು ಹೊರಡಬೇಡಿ. ಬದಲಿಸಲೇಬೇಕೆಂಬ ನಿಯಮವಿಲ್ಲ. ಬದಲಿಸಿದರೆ ಪಾಸ್‌ಪೋರ್ಟ್ ಹೊಸದು, ಟಿಕೆಟ್ ಹೆಸರು ಬೇರೆ, ಹಳೆಯ ವೀಸಾ ಬೇರೆ. ಬೇಕಿದ್ದರೆ ತಿರುಗಾಟ ಮುಗಿದ ಮೇಲೆ ನೋಡಿಕೊಳ್ಳಿ.

ಸರ್ಟಿಫಿಕೇಟ್ ಕೈಗೆ ಬಂದಮೇಲೆ ಅಪಾಸ್ಟಿಲ್, ಅಂದರೆ ಹೊರದೇಶದವರೂ ಒಪ್ಪುವ ದೃಢೀಕರಣ, ಮಾಡಿಸಿ. ಮೊದಲು ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಮುದ್ರೆ. ಭಾರತ 2005ರಿಂದ ಅಪಾಸ್ಟಿಲ್‌ನ ಅಂತರರಾಷ್ಟ್ರೀಯ ಒಪ್ಪಂದದಲ್ಲಿದೆ. ಅದಿದ್ದರೆ ಒಪ್ಪಂದದ ಬೇರೆ ದೇಶಗಳಲ್ಲೂ ಕಾಗದಕ್ಕೆ ಬೆಲೆ. ತಿರುಗಾಡುವಾಗ ದಿನಾ ಇದನ್ನು ಯಾರೂ ಕೇಳೋದಿಲ್ಲ. ಒಬ್ಬರು ಆಸ್ಪತ್ರೆ ಸೇರಿ, ಇನ್ನೊಬ್ಬರು "ನಾನು ಇವರಿಗೆ ಏನಾಗಬೇಕು" ಅಂತ ತೋರಿಸಬೇಕಾದ ದಿನ ಬೇಕಾಗುತ್ತದೆ. ಊರಿಂದ ಹತ್ತು ಸಾವಿರ ಕಿಲೋಮೀಟರ್ ದೂರದಲ್ಲಿ, ಭಾಷೆ ಬಾರದ ಕಡೆ, ಆ ಒಂದು ಹಾಳೆ ದೊಡ್ಡ ಧೈರ್ಯ. ಈ ದಾರಿಯನ್ನು ನಾನು ಮೆಚ್ಚಲು ಮೊದಲ ಕಾರಣ ಇದೇ.

ದಾರಿಯಲ್ಲಿ ಆಗೋದಾದರೆ

ಆಸೆ ಸಹಜ. ಎಲ್ಲೋ ಸಮುದ್ರದ ದಂಡೆಯಲ್ಲಿ, ಇಬ್ಬರೇ. ಆದರೆ ದೇಶದಿಂದ ದೇಶಕ್ಕೆ ನಿಯಮ ಬೇರೆ.

ಅಮೆರಿಕದ ಲಾಸ್ ವೇಗಸ್ ಎಲ್ಲಕ್ಕಿಂತ ಬೇಗ. ಅಲ್ಲಿನ ಕ್ಲಾರ್ಕ್ ಕೌಂಟಿಯ ಮದುವೆ ಲೈಸೆನ್ಸ್ ಕಚೇರಿ ಬೆಳಿಗ್ಗೆ 8ರಿಂದ ಮಧ್ಯರಾತ್ರಿವರೆಗೆ, ಭಾನುವಾರವೂ ತೆರೆದಿರುತ್ತದೆ. ಲೈಸೆನ್ಸ್‌ಗೆ 102 ಡಾಲರ್. ಕಾಯುವ ದಿನವಿಲ್ಲ. ಆಮೇಲೆ ಸರ್ಟಿಫಿಕೇಟ್‌ನ ದೃಢೀಕೃತ ಪ್ರತಿ ತೆಗೆದುಕೊಂಡು ನೆವಾಡ ರಾಜ್ಯದಿಂದ ಅಪಾಸ್ಟಿಲ್ ಮಾಡಿಸಬೇಕು. ಇಷ್ಟಕ್ಕೂ ಮೊದಲು ಅಮೆರಿಕದ ವೀಸಾ ಸಿಗಬೇಕು ಅನ್ನೋದನ್ನು ಮರೆಯಬೇಡಿ.

ಯುರೋಪಿನಲ್ಲಿ ಹೊರದೇಶದ ಜೋಡಿಗಳಿಗೆ ಹೆಸರುವಾಸಿ ಡೆನ್ಮಾರ್ಕ್. ಕೌಟುಂಬಿಕ ವಿಷಯದ ಸರ್ಕಾರಿ ಸಂಸ್ಥೆಗೆ ಮೊದಲೇ ಆನ್‌ಲೈನ್ ಅರ್ಜಿ ಹಾಕಿ, ಒಪ್ಪಿಗೆ ಪತ್ರ ಪಡೆದು ಹೋಗಬೇಕು. ಆರೋ ಅನ್ನುವ ಪುಟ್ಟ ದ್ವೀಪಕ್ಕೆ ಮದುವೆಯಾಗಲೆಂದೇ ಬೇರೆ ಬೇರೆ ದೇಶದವರು ಬರುತ್ತಾರೆ. ಜಾರ್ಜಿಯಾ ದೇಶದಲ್ಲೂ ಕಾಗದಪತ್ರ ಕಡಿಮೆ. ಪಾಸ್‌ಪೋರ್ಟ್, ಅದರ ಜಾರ್ಜಿಯನ್ ಅನುವಾದ, ಇಬ್ಬರು ಸಾಕ್ಷಿಗಳು.

ಥಾಯ್ಲೆಂಡ್ ಹತ್ತಿರ, ಆದರೆ ಕೆಲಸ ಜಾಸ್ತಿ. ಮದುವೆಯಾಗಲು ಅಡ್ಡಿಯಿಲ್ಲ ಎಂಬ ಪತ್ರ ನಮ್ಮ ರಾಯಭಾರ ಕಚೇರಿಯಿಂದ ತರಬೇಕು. ಅದನ್ನು ಥಾಯ್ ಭಾಷೆಗೆ ಅನುವಾದಿಸಬೇಕು. ಅವರ ವಿದೇಶಾಂಗ ಇಲಾಖೆ ಒಪ್ಪಬೇಕು. ಆಮೇಲೆ ಜಿಲ್ಲಾ ಕಚೇರಿಯಲ್ಲಿ ನೋಂದಣಿ. ಬಾಲಿಯಲ್ಲಿ ಮೊದಲು ಧರ್ಮದ ವಿಧಿ ನಡೆಯಬೇಕು, ಇಬ್ಬರದೂ ಒಂದೇ ಧರ್ಮ ಇರಬೇಕು. ಹಾಗಾಗಿ ಅಂತರಧರ್ಮೀಯ ಜೋಡಿಗೆ ಅದು ಹೊಂದುವ ಜಾಗವಲ್ಲ.

ಭಾರತದ ರಾಯಭಾರ ಕಚೇರಿಯಲ್ಲೇ ಆಗಬಹುದಲ್ವಾ ಅಂತ ಕೆಲವರು ಕೇಳುತ್ತಾರೆ. 1969ರ ವಿದೇಶಿ ವಿವಾಹ ಕಾಯ್ದೆ ಇದೆ, ನಿಜ. ಆದರೆ ಒಬ್ಬರಾದರೂ ಅದೇ ಊರಲ್ಲಿ 30 ದಿನ ವಾಸ ಇದ್ದು ನೋಟಿಸ್ ಕೊಡಬೇಕು, ಮತ್ತೆ 30 ದಿನ ಕಾಯಬೇಕು. ಅದು ಹೊರದೇಶದಲ್ಲಿ ಕೆಲಸಕ್ಕೆ ನೆಲೆಸಿದವರಿಗಾಗಿ ಇರುವ ದಾರಿ. ಊರೂರು ಅಲೆಯುವವರಿಗೆ ಅಲ್ಲ.

ಹಾಗಾದರೆ ದಾರಿಯ ಮದುವೆ ಯಾರಿಗೆ ಸರಿ? ಒಬ್ಬರು ಬೇರೆ ದೇಶದ ಪ್ರಜೆಯಾಗಿದ್ದು, ಮುಂದೆ ಅಲ್ಲೇ ಬಾಳುವುದಾದರೆ ಆ ದೇಶದಲ್ಲಿ ಆಗುವುದಕ್ಕೆ ಅರ್ಥವಿದೆ. ಇಬ್ಬರೂ ಇಲ್ಲಿಯವರೇ, ತೋಟ, ಮನೆ, ಬ್ಯಾಂಕು, ಪಿಂಚಣಿ ಎಲ್ಲ ಇಲ್ಲೇ ಅಂದಮೇಲೆ, ಮುಂದೆ ತಹಶೀಲ್ದಾರ್ ಕಚೇರಿಯಿಂದ ಹಿಡಿದು ಬ್ಯಾಂಕಿನವರೆಗೆ ವೇಗಸ್‌ನ ಕಾಗದ ಹಿಡಿದು ವಿವರಿಸುತ್ತಾ ಯಾಕೆ ಕೂರಬೇಕು?

ಸಮುದ್ರದ ದಂಡೆಯ ಹಾರ ಬದಲಾಯಿಸುವ ಆಸೆ ಬಿಡಬೇಕಿಲ್ಲ. ಊರಲ್ಲಿ ಕಾನೂನು ಮುಗಿದಿದ್ದರೆ ಅಲ್ಲಿ ಯಾರ ಅಪ್ಪಣೆಯ ಕಾಗದವೂ ಬೇಡ. ಇಷ್ಟ ಬಂದ ಜಾಗದಲ್ಲಿ ನಿಂತು ಹಾರ ಹಾಕಿಕೊಳ್ಳಿ. ಒಂದೇ ಎಚ್ಚರ: ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳಲ್ಲಿ ಹೊರಗಿನ ಹೂವು, ಹಣ್ಣು, ಬೀಜ, ಎಲೆಗಳಿಗೆ ಬಿಗಿ ತಪಾಸಣೆ. ಅಕ್ಷತೆ ಕಾಳು, ಅಡಿಕೆ, ಮಾವಿನೆಲೆ, ಆಯಿ ಕಟ್ಟಿಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿ, ಏನಿದ್ದರೂ ಇಳಿದ ಕೂಡಲೇ ಘೋಷಿಸಬೇಕು. ಘೋಷಿಸದೆ ಸಿಕ್ಕಿಬಿದ್ದರೆ ನ್ಯೂಜಿಲೆಂಡಿನಲ್ಲಿ ಸ್ಥಳದಲ್ಲೇ ಅಲ್ಲಿಯ 400 ಡಾಲರ್ ದಂಡ. ಹೂವನ್ನು ಅಲ್ಲಿಯ ಅಂಗಡಿಯಲ್ಲೇ ಕೊಳ್ಳಿ.

ಬಂದಮೇಲೆ ಆಗೋದಾದರೆ

ಇದರಲ್ಲಿ ಒಂದು ಒಳ್ಳೆಯ ಗುಣ ಇದೆ. ವರ್ಷವಿಡೀ ಒಟ್ಟಿಗೆ ಅಲೆದರೆ, ಸುಸ್ತು, ಜ್ವರ, ತಪ್ಪಿದ ಬಸ್ಸು, ಖಾಲಿಯಾದ ಹಣ, ಎಲ್ಲದರ ನಡುವೆ ಒಬ್ಬರನ್ನೊಬ್ಬರು ಅರಿಯುತ್ತೀರಿ. ಮದುವೆಯ ಹಣ ಕೈಯಲ್ಲೇ ಇರುತ್ತದೆ. ಮನೆಯವರು ಒಪ್ಪಿದ್ದರೆ ಇದು ಕೆಟ್ಟ ದಾರಿಯಲ್ಲ.

ಒಪ್ಪದಿದ್ದರೆ ಮಾತ್ರ ಕಷ್ಟ. ನಮ್ಮ ಹಳ್ಳಿಗಳಲ್ಲಿ ಆ ವರ್ಷವಿಡೀ ಉತ್ತರ ಕೊಡಬೇಕಾದವರು ನೀವಲ್ಲ, ಮನೆಯಲ್ಲಿರುವ ಅಪ್ಪ, ಆಯಿ. ಹೋದ ಹೋದ ಮದುವೆಮನೆಯಲ್ಲಿ ಅವರನ್ನೇ ಕೇಳುತ್ತಾರೆ. ಕಾನೂನಿನ ಕಡೆಯಿಂದ ನೋಡಿದರೆ ಹೆಚ್ಚಿನ ದೇಶಗಳಿಗೆ ನಿಮ್ಮ ಮದುವೆಯ ಗೊಡವೆ ಇಲ್ಲ. ಇಂಡೋನೇಷ್ಯಾದಲ್ಲಿ 2026ರ ಜನವರಿಯಿಂದ ಜಾರಿಗೆ ಬಂದ ಹೊಸ ದಂಡ ಸಂಹಿತೆಯಲ್ಲಿ ಮದುವೆಯಿಲ್ಲದ ಸಂಬಂಧ ಅಪರಾಧ. ಆದರೆ ಗಂಡ, ಹೆಂಡತಿ, ತಂದೆತಾಯಿ ಅಥವಾ ಮಕ್ಕಳು ದೂರು ಕೊಟ್ಟರೆ ಮಾತ್ರ.

ಯಾವ ತಿಂಗಳು, ಯಾವ ದಿಕ್ಕು

ಘಟ್ಟದ ಮೇಲಿನ ಮನೆಗಳಲ್ಲಿ ಇದನ್ನು ಅಡಿಕೆ ತೀರ್ಮಾನಿಸುತ್ತದೆ. ನವೆಂಬರಿನಿಂದ ಫೆಬ್ರವರಿವರೆಗೆ ಕೊನೆಕೊಯ್ಲು (ಅಡಿಕೆ ಗೊನೆ ಇಳಿಸೋದು), ಸುಲಿಯೋದು, ಒಣಗಿಸೋದು. ಆಗ ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಜೂನ್, ಜುಲೈನಲ್ಲಿ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯಲು ಮರ ಹತ್ತುವ ಕೊನೆಗೌಡನ ಹಿಂದೆ ಓಡಾಡಬೇಕು. ಮನೆಗೆ ಒಬ್ಬನೇ ಮಗನಾಗಿದ್ದರೆ ಆ ಎರಡು ತಿಂಗಳಿಗೆ ಯಾರನ್ನು ಬಿಟ್ಟು ಹೋಗುತ್ತೀರಿ ಅಂತ ಟಿಕೆಟ್‌ಗಿಂತ ಮೊದಲೇ ಮಾತಾಡಿ. ಮಾರ್ಚ್, ಏಪ್ರಿಲ್ ಹೊತ್ತಿಗೆ ಕೊಯ್ಲು ಮುಗಿದು, ವ್ಯಾಪಾರವಾಗಿ, ಕೈಯಲ್ಲಿ ಹಣ ಇರುತ್ತದೆ. ಅಂಗಳವೂ ಖಾಲಿ, ಮಳೆಯೂ ಇಲ್ಲ. ಮದುವೆಗೆ ಅದೇ ಒಳ್ಳೆಯ ಹೊತ್ತು. ಶಿರಸಿ ಪೇಟೆಯಲ್ಲಿ ಮಾಡೋದಾದರೆ ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬೆ ಜಾತ್ರೆಯ ದಿನಗಳನ್ನು ಬಿಟ್ಟು ನೋಡಿ. ಆಗ ಪೇಟೆಯಲ್ಲಿ ಕಾಲಿಡಲು ಜಾಗ ಇರೋದಿಲ್ಲ. ಮುಹೂರ್ತ ನೋಡುವವರು ಅಧಿಕ ಮಾಸವನ್ನೂ ಗಮನಿಸಬೇಕು. 2026ರಲ್ಲಿ ಅಧಿಕ ಜ್ಯೇಷ್ಠ ಮೇ 17ರಿಂದ ಜೂನ್ 15ರವರೆಗೆ.

ಕರಾವಳಿಯಲ್ಲಿ ಲೆಕ್ಕ ಬೇರೆ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ಆ ಎರಡು ತಿಂಗಳು ಆದಾಯವೂ ನಿಂತಿರುತ್ತದೆ, ಮಳೆಯೂ ಬಿಡೋದಿಲ್ಲ. ಅಲ್ಲೂ ಮೇ ಒಳಗೆ ಮದುವೆ ಮುಗಿಸೋದೇ ಮೇಲು.

ಮದುವೆ ಮಾರ್ಚ್, ಏಪ್ರಿಲ್‌ಗೆ ಆದರೆ ಜೂನ್‌ನಲ್ಲಿ ಹೊರಡಬಹುದು. ಜೂನ್ ಅಂದರೆ ಯುರೋಪಿನ ಬೇಸಿಗೆ. ಇಲ್ಲಿ ಎಲ್ಲರೂ "ಒಂದೇ ಸಲಕ್ಕೆ ಇಡೀ ಪ್ರಪಂಚ" ಅಂತ ಹೊರಡುತ್ತಾರೆ. ನಾನು ಹೇಳೋದು ಎರಡು ಕಂತಿನಲ್ಲಿ ಹೋಗಿ ಅಂತ. ಕಾರಣ ನಮ್ಮ ಪಾಸ್‌ಪೋರ್ಟ್.

ಯುರೋಪಿನ ಹೆಚ್ಚಿನ ದೇಶಗಳಿಗೆ ಒಂದೇ ಆಗಿ ನಡೆಯುವ ಷೆಂಗನ್ ವೀಸಾಕ್ಕೆ ಪ್ರಯಾಣಕ್ಕೆ ಆರು ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು, ಅದಕ್ಕಿಂತ ಮೊದಲು ಆಗದು. ಸಾಮಾನ್ಯವಾಗಿ ನೀವು ವಾಸವಿರುವ ದೇಶದಲ್ಲೇ ಹಾಕಬೇಕು. ಯಾವುದೇ 180 ದಿನದಲ್ಲಿ 90 ದಿನ ಮಾತ್ರ ಇರಬಹುದು. 2024ರ ಜೂನ್‌ನಿಂದ ಶುಲ್ಕ 90 ಯೂರೋ. ಜಪಾನಿನ ವೀಸಾ ಕೈಗೆ ಬಂದ ಮೂರು ತಿಂಗಳೊಳಗೆ ಒಳಗೆ ಕಾಲಿಡಬೇಕು. ಅಂದರೆ ಜೂನ್‌ನಲ್ಲಿ ಮನೆ ಬಿಟ್ಟವರು ಮುಂದಿನ ಮಾರ್ಚ್‌ನ ಚೆರಿ ಹೂವಿಗೆ ಬೇಕಾದ ಜಪಾನ್ ವೀಸಾವನ್ನು ಊರಿಂದ ಹೊರಡುವಾಗ ಮಾಡಿಸಿಕೊಳ್ಳಲು ಆಗೋದೇ ಇಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಆನ್‌ಲೈನ್‌ನಲ್ಲಿ ಮುಗಿಯುತ್ತವೆ, ಚಿಂತೆ ಇಲ್ಲ. ಅಮೆರಿಕದ ಪ್ರವಾಸಿ ವೀಸಾ ಸಿಕ್ಕರೆ ಸಾಮಾನ್ಯವಾಗಿ 10 ವರ್ಷಕ್ಕೆ. ಅದಿದ್ದರೆ ಮೆಕ್ಸಿಕೊ, ಜಾರ್ಜಿಯಾಗಳಿಗೆ ಬೇರೆ ವೀಸಾ ಬೇಡ. ಅದರ ಸಂದರ್ಶನಕ್ಕೆ ಕಾಯುವ ಕಾಲ ಉದ್ದ, ಹಾಗಾಗಿ ಎಲ್ಲಕ್ಕಿಂತ ಮೊದಲು ಅದಕ್ಕೆ ಕೈ ಹಾಕಿ. ಮದುವೆಗೆ ಮೊದಲೇ ಸಿಕ್ಕಿದರೂ ಪಾಸ್‌ಪೋರ್ಟ್‌ನ ಹೆಸರು ಬದಲಾಗದಿದ್ದರೆ ಅದು ನಡೆಯುತ್ತದೆ.

ಮೊದಲ ಕಂತು ಜೂನ್‌ನಿಂದ ಸೆಪ್ಟೆಂಬರ್. 90 ದಿನ ಷೆಂಗನ್, ಆಮೇಲೆ ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಜಾರ್ಜಿಯಾ. ಅಲ್ಲಿಂದ ಊರಿಗೆ. ಮದುವೆಯಾದ ವರ್ಷದ ದೊಡ್ಡಬ್ಬಕ್ಕೆ (ದೀಪಾವಳಿಗೆ) ಮಗಳು ಅಳಿಯ ಮನೆಗೆ ಬಾರದಿದ್ದರೆ ಯಾವ ಆಯಿಗೆ ತಾನೇ ಸಮಾಧಾನ? ಹಬ್ಬವೂ ಆಗುತ್ತದೆ, ಜಪಾನ್ ವೀಸಾವೂ ಆಗುತ್ತದೆ, ಬೇಸಿಗೆಯ ಬಟ್ಟೆ ಇಟ್ಟು ಚಳಿಯದ್ದು ತೆಗೆದುಕೊಳ್ಳೋದೂ ಆಗುತ್ತದೆ.

ಎರಡನೇ ಕಂತು ಪೂರ್ವಕ್ಕೆ. ನವೆಂಬರ್ ಕೊನೆಗೆ ಕ್ಯೋಟೋದಲ್ಲಿ ಮೇಪಲ್ ಎಲೆ ಕೆಂಪಾಗಿರುತ್ತವೆ. ಚೆರಿ ಹೂವಿಗೆ ಏನೂ ಕಡಿಮೆಯಿಲ್ಲ. ಡಿಸೆಂಬರ್, ಜನವರಿ ನ್ಯೂಜಿಲೆಂಡಿನ ಬೇಸಿಗೆ. ಫೆಬ್ರವರಿಯಲ್ಲಿ ದಕ್ಷಿಣ ಅಮೆರಿಕದ ತುದಿ, ಪಟಗೋನಿಯಾ. ಮಾರ್ಚ್‌ನಲ್ಲಿ ಮೆಕ್ಸಿಕೊ. ಆಮೇಲೆ ಅಮೆರಿಕ, ಅಟ್ಲಾಂಟಿಕ್ ದಾಟಿ ಮನೆ. ಕೊನೆಕೊಯ್ಲಿಗೆ ನೀವು ಇರೋದಿಲ್ಲ, ಅದಕ್ಕೆ ಆಳಿನ ವ್ಯವಸ್ಥೆ ಮಾಡಿಯೇ ಹೊರಡಬೇಕು. ಪೂರ್ವಕ್ಕೆ ಹೋಗೋದರಲ್ಲಿ ಒಂದು ಚಂದ ಇದೆ. ಆಕ್ಲೆಂಡ್‌ನಲ್ಲಿ ಸಂಜೆ ವಿಮಾನ ಹತ್ತಿದರೆ, ದಿನಾಂಕ ರೇಖೆ ದಾಟಿ, ಅದೇ ದಿನ ಮಧ್ಯಾಹ್ನ ಚಿಲಿಯ ಸಾಂಟಿಯಾಗೋದಲ್ಲಿ ಇಳಿಯುತ್ತೀರಿ. ಪಶ್ಚಿಮಕ್ಕೆ ದಾಟಿದರೆ ಒಂದು ತಾರೀಖೇ ಕಾಣೆಯಾಗುತ್ತದೆ. ಹುಟ್ಟುಹಬ್ಬ ಆ ದಿನ ಬಂದರೆ ಬೇಜಾರಾಗದೆ ಇರುತ್ತದೆಯೇ?

ಟಿಕೆಟ್ ಎಂಥದ್ದು

ಸ್ಟಾರ್ ಅಲಯನ್ಸ್, ಒನ್‌ವರ್ಲ್ಡ್ ಎಂಬ ವಿಮಾನ ಕಂಪನಿಗಳ ಕೂಟಗಳು ಇಡೀ ಪ್ರಪಂಚಕ್ಕೆ ಒಂದೇ ಟಿಕೆಟ್ ಮಾರುತ್ತವೆ. ನಮ್ಮ ಏರ್ ಇಂಡಿಯಾ 2014ರಿಂದ ಸ್ಟಾರ್ ಅಲಯನ್ಸ್‌ನಲ್ಲಿದೆ. ಸ್ಟಾರ್ ಅಲಯನ್ಸ್‌ನದು ಮೈಲಿ ಲೆಕ್ಕ, ಒನ್‌ವರ್ಲ್ಡ್ ಎಕ್ಸ್‌ಪ್ಲೋರರ್‌ನದು ಖಂಡಗಳ ಲೆಕ್ಕ, 16 ವಿಮಾನಗಳವರೆಗೆ. ಎರಡರಲ್ಲೂ ಒಂದೇ ದಿಕ್ಕಿಗೆ ಹೋಗಬೇಕು, ಅಟ್ಲಾಂಟಿಕ್, ಶಾಂತ ಸಾಗರ ಎರಡನ್ನೂ ದಾಟಬೇಕು, ಹೊರಟ ದೇಶಕ್ಕೇ ಬರಬೇಕು, ಒಂದು ವರ್ಷದೊಳಗೆ ಮುಗಿಸಬೇಕು. ಮಧ್ಯೆ ಊರಿಗೆ ಬಂದು ಹೋಗುವವರಿಗೆ ಇದು ಇಡೀ ವರ್ಷಕ್ಕೆ ಹೊಂದೋದಿಲ್ಲ. ಆದರೆ ಮೇಲೆ ಹೇಳಿದ ಎರಡನೇ ಕಂತಿಗೆ ಹೇಳಿ ಮಾಡಿಸಿದಂತಿದೆ. ಮೊದಲ ಕಂತಿಗೆ ಮಾಮೂಲಿ ಟಿಕೆಟ್ ಸಾಕು. ಎರಡನೆಯದಕ್ಕೆ ಬಿಡಿ ಟಿಕೆಟ್‌ಗಳ ಒಟ್ಟು ಬೆಲೆಯನ್ನೂ ಇದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಶಾಂತ ಸಾಗರ ದಾಟುವ ಬಿಡಿ ಟಿಕೆಟ್ ದುಬಾರಿ, ಅಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. ದಿನಾಂಕ ಬದಲಿಸುವ ಅನುಕೂಲ ಕೂಟದ ಟಿಕೆಟ್‌ನಲ್ಲಿ ಹೆಚ್ಚು.

ವಿಮೆ ಕೊಳ್ಳುವಾಗ ಅವಸರ ಬೇಡ. "ವರ್ಷದ ಪಾಲಿಸಿ" ಅಂತ ಮಾರುವುದರಲ್ಲಿ ಒಂದು ಪ್ರಯಾಣಕ್ಕೆ ಇಷ್ಟೇ ದಿನ ಅಂತ ಮಿತಿ ಇರುತ್ತದೆ. ಆರು ತಿಂಗಳ ಕಂತಿಗೆ ಅದು ಸಾಲೋದಿಲ್ಲ. ಷೆಂಗನ್‌ಗೆ ಕನಿಷ್ಠ 30,000 ಯೂರೋ ರಕ್ಷಣೆ ಇರಲೇಬೇಕು. ಎರಡು ಕಂತಿಗೆ ಎರಡು ಪಾಲಿಸಿ ಮಾಡಿಸಿದರೆ ನಿರಾಳ.

ಹೊರಡುವ ಮೊದಲು

ಪಾಸ್‌ಪೋರ್ಟ್ ಹೊಸದಾಗಿ ಮಾಡಿಸೋದಾದರೆ 60 ಪುಟದ್ದು ಕೇಳಿ. 36 ಪುಟದ್ದು 1,500 ರೂಪಾಯಿ, 60 ಪುಟದ್ದು 2,000. ಈ ಐನೂರರ ಬಗ್ಗೆ ಯೋಚಿಸಲೇಬೇಡಿ. ಮಾರ್ಚ್‌ಗೆ ಮದುವೆ ಅಂದರೆ ಹಿಂದಿನ ಮಳೆಗಾಲದಲ್ಲೇ ಹೆಸರುಗಳ ವ್ಯತ್ಯಾಸ ಸರಿಪಡಿಸಿ, ಪಾಸ್‌ಪೋರ್ಟ್ ಮುಗಿಸಿ, ಅಮೆರಿಕದ ಸಂದರ್ಶನಕ್ಕೆ ದಿನ ಹಿಡಿಯಿರಿ. ವಿಶೇಷ ವಿವಾಹದವರು ಡಿಸೆಂಬರ್‌ನಿಂದ ಒಬ್ಬರಾದರೂ ಜಿಲ್ಲೆಯಲ್ಲಿ ಇರಬೇಕು, ಜನವರಿ ಕೊನೆಗೆ ನೋಟಿಸ್ ಹೋಗಬೇಕು. ಮದುವೆಯಾದ ವಾರದಲ್ಲೇ ನೋಂದಣಿ. ಸರ್ಟಿಫಿಕೇಟ್ ಬಂದ ಕೂಡಲೇ ಷೆಂಗನ್ ಅರ್ಜಿ. ಬೇಸಿಗೆಗೆ ಅಲ್ಲಿ ಅಪಾಯಿಂಟ್‌ಮೆಂಟ್ ಬೇಗ ತುಂಬುತ್ತವೆ.

ಕರಿಮಣಿ ಬಿಟ್ಟು ಉಳಿದ ಚಿನ್ನ ಊರಲ್ಲೇ ಇರಲಿ. ಬೆಲೆಬಾಳುವುದನ್ನು ಒಯ್ಯಲೇಬೇಕೆಂದರೆ ಹೊರಡುವಾಗ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಪಡೆಯಿರಿ. ಇಲ್ಲದಿದ್ದರೆ ಬರುವಾಗ ಇದು ನಮ್ಮದೇ ಅಂತ ಸಾಬೀತು ಮಾಡೋದು ಕಷ್ಟ. ಅಪಾಸ್ಟಿಲ್ ಆದ ಮದುವೆ ಸರ್ಟಿಫಿಕೇಟ್ ಒಂದು ನಿಮ್ಮ ಜೊತೆ ಬರಲಿ, ಇನ್ನೊಂದು ದೃಢೀಕೃತ ಪ್ರತಿ ಮನೆಯ ಕಪಾಟಿನಲ್ಲಿರಲಿ. ಅದರ ಜೊತೆಗೆ ಎರಡೂ ಪಾಸ್‌ಪೋರ್ಟ್‌ಗಳ ಜೆರಾಕ್ಸ್, ವಿಮೆಯ ನಂಬರ್, ಯಾವ ತಿಂಗಳು ಯಾವ ದೇಶ ಅಂತ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದ ಒಂದು ಹಾಳೆ ಇಡಿ. ಅದು ಎಲ್ಲಿದೆ ಅಂತ ಅಪ್ಪನಿಗೂ ಆಯಿಗೂ ಇಬ್ಬರಿಗೂ ತೋರಿಸಿ ಹೊರಡಿ.